ಆಳಂದಕ್ಕೆ ಹೋಗುವ ಮೊದಲ ಹಾಳೆ

ನಮ್ಮ ಸಣ್ಣ ಮಾಮಾ ಈ ಲೋಕದ ಯಾವ ವಸ್ತುವನ್ನೂ ಅದು ಇದ್ದ ಹಾಗೆ ಒಪ್ಪಿಕೊಂಡ ಮನುಷ್ಯರಲ್ಲ. ನಾನು ಸುಮ್ಮನೆ ಹೇಳುತ್ತಿಲ್ಲ. ತಟ್ಟೆಗೆ ಬಿಸಿ ರೊಟ್ಟಿ ಬಡಿಸಿದರೆ ಅದನ್ನು ಮುರಿದು ಪುಡಿ ಮಾಡಿ, ಬೆಲ್ಲ ಕಲಸಿ ಮಲೀದಿ ಮಾಡಿಕೊಂಡು ತಿನ್ನುತ್ತಾರೆ. ಮಲೀದಿಯನ್ನೇ ಮಾಡಿ ಬಡಿಸಿದರೆ ಉಂಡೆ ಕಟ್ಟುತ್ತಾರೆ. ಉಂಡೆ ಕಟ್ಟಿಯೇ ಕೊಟ್ಟರೆ? ಹಾಲಿನಲ್ಲಿ ಕದಡಿ ಕುಡಿಯುತ್ತಾರೆ! "ಏನ್ರಿ ನಿಮ್ಮ ಅವತಾರ?" ಎಂದು ಮಾಮಿ ಕೇಳಿದ್ದಕ್ಕೆ, "ಅಡಗಿ ಸರಿ ಅದ. ಫಾರ್ಮ್ಯಾಟ್ ಅಷ್ಟೇ ತಪ್ಪ್ಯಾದ" ಎಂದರಂತೆ. ಅಂದಿನಿಂದ ಮಾಮಿ ರೊಟ್ಟಿ, ಬೆಲ್ಲ, ಹಾಲು ಮೂರನ್ನೂ ಬೇರೆ ಬೇರೆ ಇಟ್ಟು, "ಹಿಡೀರಿ, ನಿಮಗ ಹ್ಯಾಂಗ ಬೇಕೋ ಹಂಗ ಮಾಡ್ಕೋರಿ" ಎಂದು ಟಿವಿ ಮುಂದೆ ಹೋಗಿ ಕೂರುತ್ತಾರೆ.

ಸಣ್ಣ ಮಾಮಾ ಎಂದರೆ ನನ್ನ ಅವ್ವನ ತಮ್ಮ. ಅಫಜಲಪುರದ ಬಸ್ ನಿಲ್ದಾಣದ ಎದುರು ಅವರದೊಂದು ಝೆರಾಕ್ಸ್ ಮತ್ತು ಪ್ರಿಂಟ್ ಅಂಗಡಿ ಇದೆ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಮಾಸ್ತರ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವುದು ನನ್ನ ರೂಢಿ. ಮನರಂಜನೆಗೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ.

ಅಂಗಡಿಯ ಒಳಕೋಣೆಯಲ್ಲಿ ಅವರ ಪ್ರಾಣವಿದೆ. ಅದರ ಹೆಸರು ಪ್ರಿಂಟ್ ಸರ್ವರ್. ಹೆಸರು ಕೇಳಿ ಹೆದರಬೇಡಿ. ನೋಡುವುದಕ್ಕೆ ಅದು ಯಾರೋ ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರು, ಪಕ್ಕದ ಮುಚ್ಚಳ ಕೂಡ ಇಲ್ಲ. ಬೇಸಿಗೆಯಲ್ಲಿ ಅದರ ಮುಂದೆ ಒಂದು ಟೇಬಲ್ ಫ್ಯಾನು ಹಗಲೂ ರಾತ್ರಿ ತಿರುಗುತ್ತದೆ. "ಮಶಿನ್ನಿಗೆ ಫ್ಯಾನು, ನನಗ ರಟ್ಟಿನ ತುಂಡು" ಎಂದು ಮಾಮಿ ಮೇ ತಿಂಗಳಿಡೀ ಗೊಣಗುತ್ತಾರೆ. ಮಾಮಾ ಶಾಂತವಾಗಿ, "ನೀ ಬಿಸಿ ಆದ್ರ ಬೈತೀ ಅಷ್ಟೇ. ಅದು ಬಿಸಿ ಆದ್ರ ಬಂದ್ ಬೀಳ್ತದ" ಎನ್ನುತ್ತಾರೆ. ಇಂಥ ಮಾತಾಡಿಯೂ ಇವರಿಗೆ ಎರಡು ಹೊತ್ತು ಊಟ ಸಿಗುತ್ತಿದೆ ಎಂದರೆ ಮಾಮಿಯ ತಾಳ್ಮೆ ದೊಡ್ಡದು.

ಆ ಯಂತ್ರದ ಕೆಲಸವನ್ನು ಮಾಮಾ ನನಗೆ ವಿವರಿಸಿದ್ದು ಹೀಗೆ. ಜನ ಮೊಬೈಲಿನಲ್ಲಿ ಏನೇನೋ ತರುತ್ತಾರೆ: ಒಬ್ಬರದು ವರ್ಡು, ಒಬ್ಬರದು ಪಿಡಿಎಫ್, ಮತ್ತೊಬ್ಬರದು ಅಡ್ಡಡ್ಡ ತೆಗೆದ ಫೋಟೋ. ಪ್ರಿಂಟರ್ ಎಂಬ ಪ್ರಾಣಿಗೆ ಇದರಲ್ಲಿ ಯಾವುದೂ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಚುಕ್ಕೆ ಮಾತ್ರ: ಇಲ್ಲಿ ಕಪ್ಪು ಹಾಕು, ಇಲ್ಲಿ ಬಿಡು. ನಡುವೆ ನಿಂತು ಇವರ ಮಾತನ್ನು ಅದರ ಮಾತಿಗೆ ತಿರುಗಿಸುವುದೇ ಸರ್ವರ್ ಕೆಲಸ. ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ನಡುವೆ ಒಬ್ಬ ಹಿರಿಯ ಇರುತ್ತಾನಲ್ಲ! ಗಂಡಿನವರು "ಊಟ ಸಪ್ಪಗಿತ್ತು" ಎಂದರೆ, ಹೆಣ್ಣಿನವರ ಕಡೆ ಬಂದು "ಊಟ ಹೊಟ್ಟಿಗೆ ಹಗುರಿತ್ತು ಅಂದ್ರು" ಎಂದು ಹೇಳುವವನು. ಅವನಿಲ್ಲದಿದ್ದರೆ ನಮ್ಮ ಜಿಲ್ಲೆಯಲ್ಲಿ ಅರ್ಧ ಜನ ಇನ್ನೂ ಬ್ರಹ್ಮಚಾರಿಗಳಾಗಿಯೇ ಇರುತ್ತಿದ್ದರು.

ಈ ಒಂದು ಸರ್ವರ್‌ಗೆ ಮೂರು ಊರಿನ ಪ್ರಿಂಟರುಗಳು ಸೇರಿಕೊಂಡಿವೆ. ಅಫಜಲಪುರದ್ದು ಸಣ್ಣ ಮಾಮಾನದು. ಆಳಂದದ್ದು ದೊಡ್ಡ ಮಾಮಾನದು, ಅಂದರೆ ಇವರ ಅಣ್ಣ. ಜೇವರ್ಗಿಯದು ನಮ್ಮ ಅವ್ವನ ಬಳೆ ಅಂಗಡಿಯ ಮೂಲೆಯಲ್ಲಿದೆ. ಬಳೆ ತೊಡಿಸಿಕೊಳ್ಳಲು ಬಂದವರು ಆಧಾರ್ ಕಾರ್ಡಿನ ಪ್ರತಿ ತೆಗೆಸಿಕೊಂಡು ಹೋಗುತ್ತಾರೆ. ಮೂರೂ ಕಡೆಯ ಫೈಲುಗಳು ಮೊದಲು ಅಫಜಲಪುರಕ್ಕೆ ಬಂದು, ಶುದ್ಧವಾಗಿ, ಮತ್ತೆ ಅವರವರ ಊರಿಗೆ ಹೋಗಿ ಹಾಳೆಯ ಮೇಲೆ ಬೀಳಬೇಕು. ಇದು ಸಣ್ಣ ಮಾಮಾ ಮಾಡಿದ ಏರ್ಪಾಡು. ಯಾಕೆ ಬೇಕಿತ್ತು ಎಂದು ಕೇಳಬೇಡಿ. ನಾವು ಕೇಳಿ ಸಾಕಾಗಿದೆ.

ಒಮ್ಮೆ ನಿಂಬರ್ಗಾದ ರೈತರೊಬ್ಬರು ಮೊಬೈಲು ಹಿಡಿದು ಬಂದರು. ಹೊಲದ ಪಹಣಿಯ ಫೋಟೋ, ಒಂದೇ ಒಂದು ಪ್ರತಿ ಬೇಕಿತ್ತು.

"ಜಲ್ದಿ ಹೊಡೀರಿ, ಬಸ್ಸ ನಿಂತದ."

ಮಾಮಾ ಕನ್ನಡಕ ಏರಿಸಿ ಫೋಟೋ ನೋಡಿದರು. "ಇದನ್ನ ಯಾರು ತೆಗದಾರ?"

"ಯಾಕ್ರಿ? ನಮ್ಮ ಅಳಿಯ."

"ನಿಮ್ಮ ಅಳಿಯ ಸೊಟ್ಟ ನಿಂತಾನ. ಪಹಣಿ ಓರಿ ಆಗ್ಯಾದ. ಮೊದಲ ನೆಟ್ಟಗ ಮಾಡಬೇಕು, ಆಮ್ಯಾಲೆ ನೆರಳ ತಗೀಬೇಕು, ಆಮ್ಯಾಲೆ ಪಿಡಿಎಫ್ ಮಾಡಬೇಕು."

"ಓರಿನೇ ಇರ್ಲಿ ಬಿಡ್ರಿ, ಹೊಲಾ ಏನ್ ಓರಿ ಆಗಂಗಿಲ್ಲಲ್ಲ!"

ಈ ತರ್ಕಕ್ಕೆ ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಮಾಮಾ ಮಾತ್ರ ಜಗ್ಗಲಿಲ್ಲ. ನೆಟ್ಟಗೆ ಮಾಡಿದರು, ನೆರಳು ತೆಗೆದರು, ಅಂಚು ಕತ್ತರಿಸಿದರು. ಬಸ್ಸು ಹೋಯಿತು. ಮುಂದಿನ ಬಸ್ಸೂ ಹೋಯಿತು. ಕೊನೆಗೆ ಮಾಮಿ ಒಳಗಿನಿಂದ ಇಣುಕಿ, "ಉಣ್ಣಾಕ ಬರ್ರಿ ಯಪ್ಪಾ, ಇವರ ಕೈಗೆ ಸಿಕ್ಕವರು ಉಂಡೇ ಹೋಗೂದು" ಎಂದರು. ಆ ರೈತರು ಉಂಡರು, ಒಂದು ನಿದ್ದೆಯನ್ನೂ ಮಾಡಿದರು. ಪ್ರಿಂಟು ಮಾತ್ರ ಕನ್ನಡಿ ಹಿಡಿದ ಹಾಗೆ ಬಂದಿತ್ತು, ಅದನ್ನು ಒಪ್ಪಲೇಬೇಕು. ಈಗ ಅವರು ಪ್ರಿಂಟಿದ್ದರೂ ಇಲ್ಲದಿದ್ದರೂ ಅಫಜಲಪುರಕ್ಕೆ ಬಂದಾಗೆಲ್ಲ ಊಟಕ್ಕೆ ಬರುತ್ತಾರೆ, ತೊಗರಿಬೇಳೆ ತಂದುಕೊಡುತ್ತಾರೆ.

ಇನ್ನೊಮ್ಮೆ ಘತ್ತರಗಿಯಲ್ಲಿ ಭಾಗ್ಯವಂತಿಯ ದರ್ಶನ ಮುಗಿಸಿಕೊಂಡು ಬಂದ ಹೆಣ್ಣುಮಗಳೊಬ್ಬಳು ದೇವಿಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಕೊಡಲು ಕೇಳಿದಳು. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರ, ಹೆಬ್ಬೆರಳಿನಷ್ಟಿತ್ತು. "ಇದನ್ನ ಹಿಗ್ಗಿಸಿದ್ರ ತಾಯಿ ಮುಖ ಚೌಕಳಿ ಚೌಕಳಿ ಆಗ್ತದಬೇ" ಎಂದರು ಮಾಮಾ. ಆಕೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಆಗ್ಲಿ ಬಿಡ್ರಿ. ನಾ ದೂರ ನಿಂತು ಕೈ ಮುಗೀತೇನಿ." ಮಾಮಾ ಒಂದು ಫೈಲನ್ನು ತಿದ್ದದೆ ಇದ್ದ ಹಾಗೇ ಹೊಡೆದು ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟಕ್ಕೇ ನಿಂತಿದ್ದರೆ ಇವರನ್ನು ಹುಚ್ಚ ಎಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಮಾಮಾ ಮನುಷ್ಯರಿಗೂ ಇದೇ ಮದ್ದು ಹಚ್ಚಲು ಹೊರಟರು. ಒಂದು ದಿನ ನಾನೂ ನನ್ನ ಹೆಂಡತಿಯೂ ಜಗಳಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಮನೆಗೆ ಬಂದರು. ನನ್ನ ಹೆಂಡತಿ, "ನೀವು ಒಂದು ಮಾತ ಹೇಳಿ ಹೋಗಬೇಕಿಲ್ಲೇನ್ರಿ?" ಎಂದಳು. ಮಾಮಾ ನನ್ನ ಕಡೆ ತಿರುಗಿ, "ಅಂದ್ರ ಆಕಿಗಿ ಕಾಳಜಿ ಆಗಿತ್ತಂತ" ಎಂದರು. ನಾನು, "ಎಲ್ಲಿ ಹೋದ್ರೂ ನಿನ್ನ ಅಪ್ಪಣಿ ತಗೋಬೇಕೇನು?" ಎಂದೆ. ಮಾಮಾ ಆ ಕಡೆ ತಿರುಗಿ, "ಅಂದ್ರ ಅವಂದು ತಪ್ಪಾಗ್ಯಾದಂತ" ಎಂದರು. ನಾನೆಲ್ಲಿ ಹಾಗಂದೆ? ಸಿಟ್ಟು ನೆತ್ತಿಗೇರಿತು. ಹೆಂಡತಿ ಮಾತ್ರ ನಕ್ಕು ಚಹಾಕ್ಕಿಟ್ಟಳು. ಜಗಳ ಗೆಲ್ಲುವ ಹಂತದಲ್ಲಿದ್ದವನು ನಾನು, ಅದು ಹೀಗೆ ಸೋತುಹೋಯಿತು!

ಇಷ್ಟೆಲ್ಲ ಊರ ಜನರ ಮಾತು ತಿದ್ದುವ ಈ ಮನುಷ್ಯ ಸ್ವಂತ ಅಣ್ಣನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಕಾರಣವೂ ಫಾರ್ಮ್ಯಾಟೇ. ದೊಡ್ಡ ಮಾಮಾನ ಸ್ವಭಾವ ತಮ್ಮನಿಗೆ ಪೂರಾ ಉಲ್ಟಾ. ಕೊಟ್ಟದ್ದನ್ನು ಕೊಟ್ಟಂತೆ ಒಪ್ಪಿಸು, ನಡುವೆ ಕೈ ಆಡಿಸಬೇಡ ಎನ್ನುವವರು ಅವರು. ರೊಟ್ಟಿಯನ್ನು ರೊಟ್ಟಿಯಾಗಿಯೇ ತಿನ್ನುವವರು. ಆಳಂದದ ಹತ್ತಿರದ ಒಂದು ಮನೆತನದವರು ಗೃಹಪ್ರವೇಶದ ಕಾರ್ಡು ಮಾಡಿಸಲು ಅವರ ಅಂಗಡಿಗೆ ಬಂದರು. ಫೈಲು ಯಾವುದೋ ಹಳೆಯ ಕನ್ನಡ ಫಾಂಟಿನಲ್ಲಿತ್ತು. ದೊಡ್ಡ ಮಾಮಾ ಇದ್ದ ಹಾಗೆ ಕಳಿಸಿಬಿಟ್ಟರು. ಅಫಜಲಪುರದ ಸರ್ವರ್‌ನಲ್ಲಿ ಆ ಫಾಂಟ್ ಇರಲಿಲ್ಲ. ಅದು ತನಗೆ ತಿಳಿದ ಹಾಗೆ ತಿರುಗಿಸಿ, ಆಳಂದದ ಪ್ರಿಂಟರಿಗೆ ಕೊಟ್ಟಿತು. ಕಾರ್ಡಿನಲ್ಲಿ ಗಣಪತಿ ಒಬ್ಬ ಸರಿಯಾಗಿದ್ದ. ಅವನ ಕೆಳಗೆ ಪೂರ್ತಿ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಟೋಪಿ, ಬಾಲದಲ್ಲಿ ಕೊಕ್ಕೆ. ಕಟ್ಟು ಕಟ್ಟಿ ಕೊಟ್ಟದ್ದೂ ಆಯಿತು, ಅವರು ತಗೊಂಡು ಹೋದದ್ದೂ ಆಯಿತು.

ತಮಾಷೆ ಕೇಳಿ. ಆ ಮನೆಯವರು ಕಾರ್ಡುಗಳನ್ನು ಊರೆಲ್ಲ ಹಂಚಿದರು! ಹೊಸ ನಮೂನೆಯ ಅಕ್ಷರ ಇರಬಹುದು ಅಂದುಕೊಂಡರಂತೆ. ಗೃಹಪ್ರವೇಶಕ್ಕೆ ಒಬ್ಬರೂ ತಪ್ಪದೆ ಬಂದರು. ಯಾಕೆಂದರೆ ನಮ್ಮ ಕಡೆ ಕಾರ್ಡನ್ನು ಯಾರು ಓದುತ್ತಾರೆ? ಕೊಡುವವರು ಹಣೆಗೆ ಕುಂಕುಮ ಹಚ್ಚಿ, "ಸೋಮವಾರ ಮುಂಜಾನಿ, ಎಲ್ಲಾರೂ ಬರಬೇಕು, ಮುದುಕೀನ್ನೂ ಕರಕೊಂಡ ಬರ್ರಿ" ಎಂದು ಬಾಯಲ್ಲೇ ಹೇಳುತ್ತಾರೆ. ಕಾರ್ಡು ದೇವರ ಜಗುಲಿಯ ಮೇಲೆ ಹೋಗಿ ಕೂರುತ್ತದೆ. ಮಾಲಕರಿಗೇ ತಕರಾರಿಲ್ಲದ ಈ ತಪ್ಪಿಗೆ ಅಣ್ಣ ತಮ್ಮ ಫೋನಿನಲ್ಲಿ ಬಡಿದಾಡಿದರು.

"ನಾ ಕಳಿಸಿದ್ದು ಛಲೋ ಇತ್ತು. ನಿನ್ನ ಮಶಿನ್ ಬಾಯಾಗ ಹೋಗಿ ಕೆಟ್ಟತು."

"ಫಾಂಟ್ ಜೋಡಿಸಿ ಕಳಿಸಬೇಕಣ್ಣಾ. ಕೂಸಿನ್ನ ಬತ್ತಲೆ ಕಳಿಸಿ, ಅಂಗಿ ಎಲ್ಲಿ ಅಂತ ನನಗ ಕೇಳ್ತೀ?"

"ನಿನಗ ಯಾರು ಅಂಗಿ ಹೊಲಿ ಅಂದಿದ್ರು? ಇದ್ದಂಗ ಕೊಟ್ಟಿದ್ರ ಸಾಕಿತ್ತು."

"ಹಂಗಾರ ನನ್ನ ಸರ್ವರ್ ಯಾಕ ಬೇಕು ನಿನಗ?"

"ಬ್ಯಾಡ!"

"ಬ್ಯಾಡಂದ್ರ ಬ್ಯಾಡ!"

ಫೋನು ಇಟ್ಟರು. ಆಮೇಲೆ ಮಾತಿಲ್ಲ. ಆದರೆ ಆಳಂದದ ಪ್ರಿಂಟರ್ ಸರ್ವರ್‌ನಿಂದ ಕಳಚಿಕೊಳ್ಳಲಿಲ್ಲ. ಅದನ್ನು ಕಳಚಬೇಕಾದರೆ ಆ ಕಡೆಯವರು ಯಾವುದನ್ನು ಒತ್ತಬೇಕು, ಯಾವುದನ್ನು ತೆಗೆಯಬೇಕು ಎಂದು ಈ ಕಡೆಯವರನ್ನು ಕೇಳಬೇಕು. ಸಂಬಂಧ ಕಡಿದುಕೊಳ್ಳುವುದಕ್ಕೂ ಒಂದು ಫೋನು ಮಾಡಬೇಕಲ್ಲ! ಇಬ್ಬರೂ ಮಾಡಲಿಲ್ಲ, ಕೆಲಸ ಎಂದಿನಂತೆ ನಡೆಯಿತು.

ಮಾತು ಬಿಟ್ಟರೂ ಬೈಗುಳ ಬಿಡಲಾಗುವುದೆ? ಅದಕ್ಕೆ ಸರ್ವರ್ ದಾರಿ ಮಾಡಿಕೊಟ್ಟಿತು. ಪ್ರತಿ ಕೆಲಸದ ಮುಂದೆ ಅದು ಒಂದು ಮೊದಲ ಹಾಳೆ ಹೊಡೆಯುತ್ತದೆ. ಯಾರ ಫೈಲು, ಎಷ್ಟು ಪುಟ ಎಂದು ಅದರಲ್ಲಿರುತ್ತದೆ. ಅಲ್ಲಿ ನಾಲ್ಕು ಸಾಲು ನಾವೇ ಬರೆಯಲೂ ಜಾಗ ಉಂಟು. ಆಳಂದಕ್ಕೆ ಹೋಗುವ ಮೊದಲ ಹಾಳೆಯಲ್ಲಿ ಸಣ್ಣ ಮಾಮಾ ಶುರುಮಾಡಿದರು: "ಈ ಫೈಲು ಕಳಿಸಿದ ಶಾಣ್ಯಾ ಪುಟದ ಅಳತಿ ನೋಡಿಲ್ಲ. ನಾ ಸರಿ ಮಾಡೇನಿ. ಉಪಕಾರ ಸ್ಮರಣಿ ಬ್ಯಾಡ." ದೊಡ್ಡ ಮಾಮಾ ಸುಮ್ಮನಿರುವವರೆ? ಅಫಜಲಪುರದ ಪ್ರಿಂಟರಿಗೆ ಉತ್ತರ ಬಂದು ಬಿತ್ತು: "ಅಳತಿ ಸರಿ ಇತ್ತು. ನಿನ್ನ ತಲಿ ಅಳತಿ ತಪ್ಪ್ಯಾದ." ಆಳಂದದ ಗಿರಾಕಿಗಳು ತಮ್ಮ ಕಾಗದ ತಗೊಂಡ ಮೇಲೂ ನಿಂತು, "ಇವತ್ತಿನ ಮೊದಲ ಹಾಳಿ ಏನ್ ಬಂದದ್ರಿ?" ಎಂದು ಕೇಳತೊಡಗಿದರು. ನಮ್ಮಲ್ಲಿ ದಿನಪತ್ರಿಕೆಗೂ ಅಷ್ಟು ಓದುಗರಿರಲಿಲ್ಲ.

ನಾವೆಲ್ಲ ನಕ್ಕೆವು. ನಗದವಳು ಅವ್ವ ಒಬ್ಬಳೇ. ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುವುದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಮಾತು ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂಚೆ ಇಬ್ಬರೂ ಕೂಡಿ ಜೇವರ್ಗಿಗೆ ಬರುತ್ತಿದ್ದರು. ಮಾತು ಬಿಟ್ಟ ಮೇಲೆ ಒಬ್ಬರು ಮುಂಬಾಗಿಲಲ್ಲಿ ನಿಂತರೆ, ಇನ್ನೊಬ್ಬರು ಹಿತ್ತಿಲಲ್ಲಿ. "ಅಕ್ಕಾ, ನಡಿ" ಎಂದು ಇವರು. "ತಂಗಿ, ನಡಿ" ಎಂದು ಅವರು. ಅವ್ವ ನಡುಮನೆಯಲ್ಲಿ ನಿಂತು ಇಬ್ಬರಿಗೂ ಉಂಡಿ ಕಟ್ಟಿಕೊಟ್ಟು, ಯಾರ ಜೊತೆಗೂ ಹೋಗದೆ ಇಬ್ಬರನ್ನೂ ಕಳಿಸಿದಳು. "ಇಬ್ಬರೂ ಕೂಡಿ ಬಂದ ದಿನ ಬರ್ತೇನಿ. ಅಲ್ಲೀತನ ನನಗ ತವರಮನಿ ಇಲ್ಲ" ಎಂದಳು. ಅವರು ಹೋದ ಮೇಲೆ ಒಲೆಯ ಮುಂದೆ ಕೂತು ಅತ್ತಳು. ಅವ್ವ ಅಳುವುದನ್ನು ನೋಡುವುದು ನನಗೆ ಇವತ್ತಿಗೂ ಆಗುವುದಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ದೊಡ್ಡ ಮಾಮಾನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಕಲಬುರಗಿಯ ಡಾಕ್ಟರು, ಉಳಿದದ್ದನ್ನು ಉಳಿಸಿಕೊಳ್ಳೋಣ, ಹೋದದ್ದು ಬರುವುದಿಲ್ಲ ಎಂದರು. ಉಳಿದದ್ದೂ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ನಾನೂ ಅವ್ವನೂ ನೋಡಲು ಹೋದಾಗ ಅವರು ನಮ್ಮಿಬ್ಬರ ಕೈ ಹಿಡಿದು ಆಣೆ ಹಾಕಿದರು. "ಸಣ್ಣಾವಗ ಹೇಳಿದ್ರ ನನ್ನ ಹೆಣಾ ನೋಡಿದಂಗ. ಅಂವ ಮರುಕಾ ಪಟ್ಟು ಬರೂದು ನನಗ ಬ್ಯಾಡ. ಬರೂದಿದ್ರ ಸುಮ್ನ ಬರಬೇಕು."

ಅವ್ವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಕೂತಿದ್ದಳು. ಜೇವರ್ಗಿ ಹತ್ತಿರ ಬಂದಾಗ, "ಅಣ್ಣಗ ತಮ್ಮನ ಮುಖ ಕಾಣೂದು ನಿಲ್ಲೂದರಾಗ ಇವರು ಮಾತಾಡಬೇಕಪಾ" ಎಂದಳು. ಆಕೆ ದೇವರನ್ನು ಕೇಳಿಕೊಂಡದ್ದು ಅಷ್ಟೇ.

ಇತ್ತ ಸಣ್ಣ ಮಾಮಾನಿಗೆ ಏನೂ ಗೊತ್ತಿಲ್ಲ. ಆಳಂದದಿಂದ ಬರುವ ತಪ್ಪುಗಳು ಮಾತ್ರ ಹೆಚ್ಚಾದವು. ಒಬ್ಬರ ಫೈಲಿನ ಬದಲು ಇನ್ನೊಬ್ಬರದು ಬಂತು. ಸ್ಕ್ಯಾನ್ ತಲೆಕೆಳಗಾಗಿ ಬಂತು. ಬರೀ ಬಿಳಿ ಹಾಳೆ ಸ್ಕ್ಯಾನ್ ಆಗಿ ಬಂತು. ಬೈಗುಳಕ್ಕೆ ಉತ್ತರ ಬರುವುದೂ ನಿಂತಿತು. ಒಂದು ಶನಿವಾರ ಮಾಮಾ ನನ್ನ ಮುಂದೆ ಹಾರಾಡಿದರು.

"ನೋಡಿದ್ಯಾ ನಿನ್ನ ದೊಡ್ಡ ಮಾಮಾನ ಸೊಕ್ಕ? ತಪ್ಪ ಮಾಡೂದು, ಉತ್ತರಾನೂ ಬರಿಯಂಗಿಲ್ಲ! ನನ್ನ ಹಾಳಿ ಓದಾಕೂ ಅವಂಗ ಬ್ಯಾಸರ!"

ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕೂತೆ. ಆಣೆ ಎನ್ನುವುದು ಬಾಯಿಗೆ ಹಾಕಿದ ಬೀಗ. ಅವ್ವನ ಅಣ್ಣ ಹಾಕಿದ ಆಣೆ ಬೇರೆ.

ಆಳಂದದಲ್ಲಿ ಏನಾಗುತ್ತಿದೆ ಎಂದು ನನಗೆ ತಿಳಿದದ್ದು ಮುಂದಿನ ಸಲ ಅಲ್ಲಿಗೆ ಹೋದಾಗ. ದೊಡ್ಡ ಮಾಮಿಗೆ ಓದು ಬರದು. ಹಾಗಾಗಿ ಪಕ್ಕದ ಹೊಲಿಗೆ ಅಂಗಡಿಯ ಮೆಹಬೂಬ್ ಭಾಯಿ ಮೊದಲ ಹಾಳೆಗಳನ್ನು ಓದಿ ಹೇಳುತ್ತಿದ್ದರು. ಮೆಹಬೂಬ್ ಭಾಯಿ ಬಹಳ ಮೆತ್ತಗಿನ ಮನುಷ್ಯ. ಅಳತೆ ತೆಗೆಯುವಾಗಲೂ "ಹೊಟ್ಟೆ ಬಂದಿದೆ" ಎನ್ನದೆ "ಖುಶಿಯಾಗಿದ್ದೀರಿ" ಎನ್ನುವವರು. ನಾನು ಕೂತಿದ್ದಾಗಲೇ ಪ್ರಿಂಟರಿನಿಂದ ಒಂದು ಹಾಳೆ ಬಂತು. "ಮೂರು ಸಲ ಹೇಳಿದ್ರೂ ತಿಳಿಯಂಗಿಲ್ಲ, ಕಲ್ಲಿಗೆ ಹೇಳಿದ್ರ ಕರಗತಿತ್ತು" ಎಂದು ಅದರಲ್ಲಿತ್ತು. ನಾನೇ ಓದಿದೆ, ನನ್ನ ಕಣ್ಣಿಗೆ ಏನೂ ಆಗಿಲ್ಲ. ಮೆಹಬೂಬ್ ಭಾಯಿ ಹಾಳೆಯನ್ನು ಬೆಳಕಿಗೆ ಹಿಡಿದು, ಗಂಟಲು ಸರಿಪಡಿಸಿಕೊಂಡು, "ಅಣ್ಣಾ, ಆರಾಮ ಇದ್ದೀಯೇನು? ಊಟ ಬರಾಬರಿ ಮಾಡು" ಎಂದು ಓದಿದರು!

ಹೊರಗೆ ಬಂದ ಮೇಲೆ ನಾನು ಕೇಳಿದೆ. "ಭಾಯಿ, ಹಿಂಗ್ಯಾಕ?"

"ಕ್ಯಾ ಕರೂ ಸರ್? ಬೈದದ್ದ ಹಂಗ ಓದಾಕ ನನಗ ಬಾಯಿ ಬರಂಗಿಲ್ರಿ. ಕಣ್ಣ ಇಲ್ಲದವರು ಕುಂತು ಕೇಳಾಕತ್ತಾರ್ರಿ. ತಮ್ಮ ಛಲೋ ಬರದಾನಂದ್ರ ಒಂದ ರೊಟ್ಟಿ ಹೆಚ್ಚಿಗಿ ತಿಂತಾರ್ರಿ."

ಏನು ಹೇಳಲಿ! ಅಫಜಲಪುರದ ಸರ್ವರ್ ಹೊಡೆದು ಕಳಿಸಿದ್ದನ್ನು ಆಳಂದದಲ್ಲಿ ಒಬ್ಬ ದರ್ಜಿ ಮತ್ತೊಂದು ಸಲ ತಿರುಗಿಸಿ ಕೊಡುತ್ತಿದ್ದ. ನನಗೆ ನಗುವೂ ಬಂತು, ಮೆಹಬೂಬ್ ಭಾಯಿಯ ಕೈ ಹಿಡಿದುಕೊಳ್ಳಬೇಕೆಂದೂ ಅನ್ನಿಸಿತು. ಹಿಡಿದುಕೊಂಡೆ.

ಆದರೆ ಮೆಹಬೂಬ್ ಭಾಯಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಆ ಕಡೆಯಿಂದ ಬೈಗುಳ ಖಾರವಾದಷ್ಟೂ ಈ ಕಡೆ ಬೆಲ್ಲ ಹೆಚ್ಚು ಹಾಕಿದರು. "ಅಣ್ಣಾ, ನಿನ್ನ ನೆನಪ ಆಗ್ತದ" ಎಂದಾಯಿತು. "ನಾ ಸಣ್ಣಾವಿದ್ದಾಗ ನೀ ನನ್ನ ಹೆಗಲ ಮ್ಯಾಲೆ ಹೊತ್ತಿದ್ದಿ" ಎಂದೂ ಆಯಿತು. ಕೊನೆಗೊಂದು ದಿನ, "ಅಣ್ಣಾ, ನನ್ನದು ತಪ್ಪಾಗ್ಯಾದ, ಮನಸಿನಾಗ ಇಟ್ಕೋಬ್ಯಾಡ" ಎಂದು ಓದಿಬಿಟ್ಟರು.

ದೊಡ್ಡ ಮಾಮಾ ಕೂತಲ್ಲಿಂದ ಎದ್ದು ನಿಂತರಂತೆ.

"ತಪ್ಪಾಗ್ಯಾದ ಅಂತ ಬರದಾನಾ? ಅಂವಾ?"

"ಹೌದ್ರಿ ಅಣ್ಣಾರ."

"ಮೆಹಬೂಬ್, ನನ್ನ ತಮ್ಮ ಉಳಿಯಂಗಿಲ್ಲೋ!"

"ಯಾ ಅಲ್ಲಾ! ಯಾಕ್ರಿ?"

"ಹುಟ್ಟಿದಾಗಿಂದ ತಪ್ಪ ಒಪ್ಪಿದಾವಲ್ಲ ಅಂವ. ಏನೋ ದೊಡ್ಡ ಜಡ್ಡ ಬಂದದ. ಡಾಕ್ಟರು ಕೈ ಬಿಟ್ಟಾರ. ಅದಕ್ಕ ಇಷ್ಟ ದಿನದಿಂದ ಮೆತ್ತಗ ಮೆತ್ತಗ ಬರ್ಯಾಕತ್ಯಾನ. ನನ್ನ ಚಪ್ಪಲಿ ಎಲ್ಲಿ? ಆ ಹಾಳಿ ಕೊಡಿಲ್ಲಿ. ನಡಿ, ಬಸ್ ಹಿಡಿಯೂಣು!"

ಮೆಹಬೂಬ್ ಭಾಯಿಗೆ ಈಗ ನಿಜ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಹೊಲಿಯುತ್ತಿದ್ದ ಅಂಗಿಯನ್ನು ಮಶಿನ್ನಿನ ಮೇಲೆ ಹಾಗೇ ಬಿಟ್ಟು, ದೊಡ್ಡ ಮಾಮಾನ ಕೈ ಹಿಡಿದು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮೂರೂ ಲೋಕದ ದೇವರನ್ನು ನೆನೆದೆ ಎಂದು ಆಮೇಲೆ ನನಗೆ ಹೇಳಿದರು.

ಅಂದು ಶನಿವಾರ. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಸಣ್ಣ ಮಾಮಾ ಸರ್ವರ್‌ಗೆ ಗಾಳಿ ಹಾಕುವ ಫ್ಯಾನಿನ ಧೂಳು ಒರೆಸುತ್ತಿದ್ದರು. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ದೊಡ್ಡ ಮಾಮಾ! ಹಿಂದೆ ಮೆಹಬೂಬ್ ಭಾಯಿ, ಮುಖದಲ್ಲಿ ರಕ್ತವಿಲ್ಲ. ಸಣ್ಣ ಮಾಮಾನ ಕೈಯಲ್ಲಿನ ಬಟ್ಟೆ ಕೆಳಗೆ ಬಿತ್ತು.

ದೊಡ್ಡ ಮಾಮಾ ಮೆಟ್ಟಿಲನ್ನು ಕಾಲಿನಿಂದ ತಡವಿ ಒಳಗೆ ಬಂದರು. ನೇರ ನನ್ನ ಮುಂದೆ ಬಂದು ನಿಂತು, ಎರಡೂ ಕೈಗಳಿಂದ ನನ್ನ ಹೆಗಲು ಹಿಡಿದರು.

"ಏನಾಗ್ಯಾದೋ ನಿನಗ? ಖರೇ ಹೇಳು. ಎಷ್ಟ ದಿನದಿಂದ ಅದ?"

ಸಣ್ಣ ಮಾಮಾ ಅಣ್ಣನ ಎಡಕ್ಕೆ, ಒಂದು ಮಾರು ದೂರದಲ್ಲಿ, ಬೆಳಕಿನಲ್ಲೇ ನಿಂತಿದ್ದರು. ಅವರು ಒಮ್ಮೆ ಅಣ್ಣನ ಕಣ್ಣನ್ನು ನೋಡಿದರು, ಒಮ್ಮೆ ನನ್ನ ಹೆಗಲ ಮೇಲಿದ್ದ ಕೈಗಳನ್ನು ನೋಡಿದರು. ಆಳಂದದಿಂದ ಬಂದ ತಲೆಕೆಳಗಿನ ಹಾಳೆಗಳೆಲ್ಲ ಆಗ ಅವರಿಗೆ ಅರ್ಥವಾದವು ಎಂದು ಮುಖ ನೋಡಿಯೇ ನನಗೆ ತಿಳಿಯಿತು.

"ಅಣ್ಣಾ, ನಾ ಇಲ್ಲಿದ್ದೀನಿ" ಎಂದರು.

ದೊಡ್ಡ ಮಾಮಾ ದನಿ ಬಂದ ಕಡೆ ತಿರುಗಿದರು. "ಹಾಂ. ಅಲ್ಲಿದ್ದೀಯೇನು. ನಿನಗ ಜಡ್ಡ ಇಲ್ಲೇನು?"

"ನನಗೇನಾಗ್ಯಾದ? ಕಲ್ಲ ಇದ್ದಂಗ ಅದೀನಿ."

"ಮತ್ತ ಇದ ಯಾಕ ಬರದಿ?" ಎನ್ನುತ್ತ ದೊಡ್ಡ ಮಾಮಾ ಕಿಸೆಯಿಂದ ಮಡಚಿದ ಹಾಳೆ ತೆಗೆದು ಕೊಟ್ಟರು. "ಓದು. ನಿನ್ನ ಬಾಯಿಲೆ ಓದು. ನಾ ಕೇಳಬೇಕು."

ಸಣ್ಣ ಮಾಮಾ ಬಿಡಿಸಿದರು. ನಾನು ಅವರ ಹೆಗಲ ಮೇಲಿಂದ ನೋಡಿದೆ. "ಮತ್ತ ಅದೇ ಹಾಳಿ ಉಲ್ಟಾ ಕಳಿಸಿದಿ. ಕಣ್ಣಿಲ್ಲೇನು ನಿನಗ?" ಅದರಲ್ಲಿದ್ದದ್ದು ಇಷ್ಟೇ. ಅವರದೇ ಮಾತು, ಅವರದೇ ಸರ್ವರ್ ಹೊಡೆದ ಕರಿ ಅಕ್ಷರ. ಬಾಗಿಲಲ್ಲಿ ಮೆಹಬೂಬ್ ಭಾಯಿ ನೆಲ ನೋಡುತ್ತಿದ್ದರು. ಸಣ್ಣ ಮಾಮಾ ಕನ್ನಡಕ ಏರಿಸಿದರು.

"ಅಣ್ಣಾ... ಛಲೋ ಅದೀಯೇನು... ಊರಿಗಿ ಬಂದು ಹೋಗು, ಅಂತ ಬರದೀನಿ" ಎಂದರು.

ದೊಡ್ಡ ಮಾಮಾ ತಲೆ ಅಲ್ಲಾಡಿಸಿದರು. "ಒಂದ ಹಾಳಿ. ಮೆಹಬೂಬ್ ಒಂದ ಓದ್ತಾನ, ನೀ ಒಂದ ಓದ್ತಿ. ನನ್ನ ಕಣ್ಣ ಹೋಗ್ಯಾವ ಖರೇ, ತಲಿ ಹೋಗಿಲ್ಲ. ಇದ್ದದ್ದ ಇದ್ದಂಗ ಓದೋ."

ಸಣ್ಣ ಮಾಮಾ ಓದಿದರು. ಒಂದಕ್ಷರವನ್ನೂ ಬದಲಿಸಲಿಲ್ಲ. "ಮತ್ತ ಅದೇ ಹಾಳಿ ಉಲ್ಟಾ ಕಳಿಸಿದಿ." ಅಲ್ಲಿ ನಿಂತರು. ಅಣ್ಣ ಕಾಯುತ್ತಿದ್ದರು. "ಕಣ್ಣಿಲ್ಲೇನು ನಿನಗ?"

"ಇಲ್ಲೋ ತಮ್ಮಾ" ಎಂದರು ದೊಡ್ಡ ಮಾಮಾ. "ಹೋದವು."

ಹೇಳಿ ಕೈ ಮುಂದೆ ಚಾಚಿದರು. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹುಡುಕಿತು. ಸಣ್ಣ ಮಾಮಾ ಒಂದು ಹೆಜ್ಜೆ ಮುಂದೆ ಬಂದು, ತಲೆ ಬಗ್ಗಿಸಿ, ಆ ಕೈಯ ಕೆಳಗೆ ನಿಂತರು. ಬೆರಳುಗಳು ತಲೆಯ ಮೇಲೆಲ್ಲ ಆಡಿ, ಹಣೆಗಿಳಿದು, ಮತ್ತೆ ಮೇಲೆ ಹೋದವು.

"ಯಾಕೋ, ಕೂದಲಾ ಎಲ್ಲಿ ಹೋದ್ವು? ಒಂದೂ ಉಳದಿಲ್ಲಲ್ಲೋ!"

ಸಣ್ಣ ಮಾಮಾ ನಗಲು ಹೋಗಿ ಬಿಕ್ಕಿದರು. ನಾನು ಜೇವರ್ಗಿಗೆ ಫೋನು ಹಚ್ಚಿ, ಏನೂ ಹೇಳದೆ ಅದನ್ನು ಅವರಿಬ್ಬರ ಹತ್ತಿರ ಕಟ್ಟೆಯ ಮೇಲೆ ಇಟ್ಟೆ. "ಹಲೋ" ಎಂದು ಅವ್ವನ ದನಿ ಕೇಳಿತು. ಆಮೇಲೆ ಅವಳು ಇಬ್ಬರೂ ಮಾತಾಡುವುದನ್ನು ಕೇಳುತ್ತ ಕೂತಳು.